ವಿಷ ಬ್ಯಾಕ್ಟೀರಿಯಾದ್ದು, ಉರಿಯೂತ ನಮ್ಮದು: ಆಂಟಿಬಯೋಟಿಕ್ ನಂತರದ ಭೇದಿಯ ಒಂದು ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಕಾಪು ಸಮೀಪದ ಹಳ್ಳಿಯೊಂದರಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದ, ಅರವತ್ತು ದಾಟಿದ ಮಹಿಳೆಯೊಬ್ಬರನ್ನು ಆಟಿ ತಿಂಗಳ ಬಿರುಮಳೆಯ ನಡುವೆ ಉಡುಪಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತರಲಾಯಿತು. ಐದು ದಿನಗಳಿಂದ ನೀರಿನಂಥ ಭೇದಿ, ದಿನಕ್ಕೆ ಹತ್ತು ಹನ್ನೆರಡು ಸಲ. ಕೆಳಹೊಟ್ಟೆಯಲ್ಲಿ ಹಿಂಡುವ ನೋವು. ಭೇದಿ ಶುರುವಾದ ಮರುದಿನದಿಂದಲೇ ವಾಂತಿ. ಬಂದಾಗ ರಕ್ತದೊತ್ತಡ 78/46, ನಾಡಿ ನಿಮಿಷಕ್ಕೆ 118. ಇಷ್ಟು ಕಾಯಿಲೆ ಬಿದ್ದವರಲ್ಲಿ ಇರಬೇಕಾದಷ್ಟು ಜ್ವರ ಮಾತ್ರ ಇರಲಿಲ್ಲ, ಹೊಟ್ಟೆಯನ್ನು ಒತ್ತಿ ನೋಡಿದಾಗ ಬಿಗಿತವೂ ಅಷ್ಟಾಗಿ ಕಾಣಲಿಲ್ಲ. ಆ ಶಾಂತ ಹೊಟ್ಟೆಯನ್ನು ನಂಬಬಾರದೆಂಬುದಕ್ಕೆ ಕಾರಣ ಆಮೇಲೆ ತಿಳಿಯಿತು. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ಹಿನ್ನೆಲೆ ಹೀಗಿತ್ತು. ಎರಡು ವಾರಗಳ ಹಿಂದೆ ಗದ್ದೆಯ ಹುಣಿಯಲ್ಲಿ ಕಾಲು ಜಾರಿ ಪಾದಕ್ಕೆ ಗಾಯವಾಗಿ, ಅದು ಕೆಂಪಗೆ ಊದಿಕೊಂಡು, ಊರಿನ ಕ್ಲಿನಿಕ್ಕಿನಲ್ಲಿ ಕ್ಲಿಂಡಾಮೈಸಿನ್ ಮಾತ್ರೆಗಳನ್ನು ಒಂದು ವಾರಕ್ಕೆ ಬರೆದುಕೊಟ್ಟಿದ್ದರು. ಕಾಲು ಚೆನ್ನಾಗಿಯೇ ಮಾಗಿತು. ಮಾತ್ರೆಯ ಕೋರ್ಸು ಮುಗಿದ ಎರಡನೆಯ ದಿನ ಭೇದಿ ಆರಂಭವಾಯಿತು. ಮನೆಯವರು ಔಷಧದ ಅಂಗಡಿಯಿಂದ ಲೋಪೆರಮೈಡ್ ತಂದು ಕೊಟ್ಟರು. ಒಂದು ದಿನ ಭೇದಿ ಕಡಿಮೆಯಾದಂತೆ ಕಂಡು, ಹೊಟ್ಟೆ ಉಬ್ಬರಿಸಿ, ಮತ್ತೆ ಇನ್ನಷ್ಟು ಜೋರಾಯಿತು. ಮಳೆಗಾಲದ ಭೇದಿ ಎಂದರೆ ಕುಡಿಯುವ ನೀರಿನದೇ ತೊಂದರೆ ಎಂದು ಕರಾವಳಿಯಲ್ಲಿ ನಾವೆಲ್ಲ ಮೊದಲು ಯೋಚಿಸುತ್ತೇವೆ. ಆ ಯೋಚನೆ ತಪ್ಪೇನಲ್ಲ, ಆದರೆ ಅದೇ ಮನೆಯ ಬಾವಿಯ ನೀರು ಕುಡಿದ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಭೇದಿಯ ರೋಗಿಯನ್ನು ಕಂಡಾಗ, ಕಳೆದ ಎರಡು ಮೂರು ತಿಂಗಳಲ್ಲಿ ಯಾವುದಾದರೂ ಆಂಟಿಬಯೋಟಿಕ್ ತೆಗೆದುಕೊಂಡಿದ್ದೀರಾ ಎಂಬ ಪ್ರಶ್ನೆಯನ್ನು ನೀರಿನ ಪ್ರಶ್ನೆಯ ಜೊತೆಯಲ್ಲೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು 19,400, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.9, ಎರಡೂ ಹೆಚ್ಚು; ಆಲ್ಬುಮಿನ್ 2.4, ಸೋಡಿಯಂ 126, ಪೊಟ್ಯಾಸಿಯಂ 3.1, ಸಕ್ಕರೆ 64, ನಾಲ್ಕೂ ಕಡಿಮೆ. ಮಲದ ಪರೀಕ್ಷೆಯಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಇರುವಿಕೆಯನ್ನು ತೋರಿಸುವ ಜಿ.ಡಿ.ಎಚ್. ಎಂಬ ಪ್ರೋಟೀನೂ ಅದು ಬಿಡುವ ವಿಷವಾದ ಟಾಕ್ಸಿನ್ನೂ ಎರಡೂ ಪಾಸಿಟಿವ್ ಬಂದವು. ಸ್ಕ್ಯಾನಿನಲ್ಲಿ ದೊಡ್ಡ ಕರುಳಿನ ಗೋಡೆ ಉದ್ದಕ್ಕೂ ದಪ್ಪವಾಗಿತ್ತು, ಆದರೆ ಕರುಳು ಅಪಾಯಕರವಾಗಿ ಹಿಗ್ಗಿರಲಿಲ್ಲ, ತೂತೂ ಆಗಿರಲಿಲ್ಲ. ಬಿಳಿ ರಕ್ತಕಣ 15,000 ಮುಟ್ಟಿದರೆ ಅಥವಾ ಕ್ರಿಯಾಟಿನಿನ್ 1.5 ದಾಟಿದರೆ ಈ ಕಾಯಿಲೆಯನ್ನು ತೀವ್ರ ಎಂದೂ, ರಕ್ತದೊತ್ತಡ ಕುಸಿದರೆ ಅತಿ ತೀವ್ರ ಎಂದೂ ಪರಿಗಣಿಸುವುದು ರೂಢಿ. ಹಾಗಾಗಿ ಮೊದಲ ಗಂಟೆಯಲ್ಲೇ ಅತಿ ತೀವ್ರ ಕಾಯಿಲೆಗೆ ಕೊಡುವ ಚಿಕಿತ್ಸೆ ಆರಂಭವಾಯಿತು: ವ್ಯಾಂಕೋಮೈಸಿನ್ 500 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ಬಾಯಿಯ ಮೂಲಕ, ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಎಂಟು ಗಂಟೆಗೊಮ್ಮೆ ರಕ್ತನಾಳದ ಮೂಲಕ. ಇಂಜೆಕ್ಷನ್ ಬಾಟಲಿಯ ಔಷಧವನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಿರುವುದೇಕೆ ಎಂದು ಮಗಳು ಕೇಳಿದಳು. ರಕ್ತನಾಳಕ್ಕೆ ಕೊಟ್ಟ ವ್ಯಾಂಕೋಮೈಸಿನ್ ಕರುಳಿನ ಒಳಭಾಗವನ್ನು ತಲುಪುವುದಿಲ್ಲ, ಈ ಬ್ಯಾಕ್ಟೀರಿಯಾ ಇರುವುದೋ ಅಲ್ಲೇ.

ಇಲ್ಲಿಂದ ಪ್ರಕರಣ ಜಟಿಲವಾಗುತ್ತದೆ. ಮೂರು ಲೀಟರ್ ದ್ರವ ಕೊಟ್ಟರೂ ರಕ್ತದೊತ್ತಡ ಮೇಲೇಳಲಿಲ್ಲ. ನಾರ್‌ಅಡ್ರಿನಲಿನ್ ಎಂಬ ರಕ್ತದೊತ್ತಡ ಏರಿಸುವ ಔಷಧವನ್ನು ಆರಂಭಿಸಬೇಕಾಯಿತು, ಅದರ ಪ್ರಮಾಣವನ್ನು ಏರಿಸುತ್ತಲೇ ಹೋಗಬೇಕಾಯಿತು. ಆಗ ಮನೆಯಿಂದ ತರಿಸಿದ ಔಷಧದ ಚೀಲ ಬಂದಿತು. ಒಂಬತ್ತು ವರ್ಷಗಳಿಂದ ಅವರಿಗೆ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆ 7.5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ವಾಂತಿ ಶುರುವಾದಾಗ, ಬರಿಹೊಟ್ಟೆಗೆ ಮಾತ್ರೆ ತಿಂದರೆ ಉಷ್ಣವಾಗುತ್ತದೆಂದು ಎಲ್ಲ ಮಾತ್ರೆಗಳನ್ನೂ ಒಟ್ಟಿಗೇ ನಿಲ್ಲಿಸಿದ್ದರು. ನಾಲ್ಕು ದಿನಗಳಿಂದ ಪ್ರೆಡ್ನಿಸೋಲೋನ್ ಹೊಟ್ಟೆಗೆ ಹೋಗಿರಲಿಲ್ಲ. ಜ್ವರ ಕಾಣದೆ, ಹೊಟ್ಟೆ ಬಿಗಿಯದೆ ಇದ್ದುದಕ್ಕೆ ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ಒಂದು ಕಾರಣವಿರಬೇಕು. ಅದು ಕಾಯಿಲೆಯನ್ನು ತಡೆಯುವುದಕ್ಕಿಂತ ಕಾಯಿಲೆಯ ಲಕ್ಷಣಗಳನ್ನು ಮುಚ್ಚುವುದೇ ಹೆಚ್ಚು.

ವರ್ಷಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮಿದುಳಿನ ಹೈಪೋಥಲಾಮಸ್ ತನ್ನ ಕಾರ್ಟಿಕೋಟ್ರೋಪಿನ್ ಬಿಡುಗಡೆ ಹಾರ್ಮೋನನ್ನು, ಅಂದರೆ ಸಿ.ಆರ್.ಎಚ್. ಅನ್ನು, ತಗ್ಗಿಸಿಬಿಡುತ್ತದೆ, ಅದರಿಂದ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಎ.ಸಿ.ಟಿ.ಎಚ್. ಎಂಬ, ಅಡ್ರಿನಲ್ ಅನ್ನು ಪ್ರಚೋದಿಸುವ ಹಾರ್ಮೋನು ತಗ್ಗುತ್ತದೆ; ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ತಯಾರಿಸುವ ಭಾಗ ಕುಗ್ಗುತ್ತದೆ. ಇಂಥವರಿಗೆ ಸೋಂಕು ತಗುಲಿದಾಗ ದೇಹಕ್ಕೆ ಬೇಕಾಗುವ ಹೆಚ್ಚುವರಿ ಕಾರ್ಟಿಸೋಲ್ ಹುಟ್ಟುವುದಿಲ್ಲ. ಕಾರ್ಟಿಸೋಲ್ ಇಲ್ಲದಿದ್ದರೆ ರಕ್ತನಾಳಗಳು ನಾರ್‌ಅಡ್ರಿನಲಿನ್ ಕರೆಗೆ ಸರಿಯಾಗಿ ಓಗೊಡುವುದಿಲ್ಲ, ಎಷ್ಟು ಏರಿಸಿದರೂ ರಕ್ತದೊತ್ತಡ ನಿಲ್ಲುವುದಿಲ್ಲ. ರಕ್ತದ ಮಾದರಿ ತೆಗೆದಿಟ್ಟುಕೊಂಡು, ಫಲಿತಾಂಶಕ್ಕೆ ಕಾಯದೆ, ಕಾರ್ಟಿಸೋಲಿನದೇ ಔಷಧರೂಪವಾದ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಟ್ಟು, ಆಮೇಲೆ ಆರು ಗಂಟೆಗೊಮ್ಮೆ 50 ಮಿಲಿಗ್ರಾಂನಂತೆ ಮುಂದುವರಿಸಲಾಯಿತು. ಸಂಜೆಯ ಹೊತ್ತಿಗೆ ನಾರ್‌ಅಡ್ರಿನಲಿನ್ ಅರ್ಧಕ್ಕಿಳಿಯಿತು, ಮರುದಿನ ಬೆಳಗ್ಗೆ ಬೇಕಾಗಲೇ ಇಲ್ಲ. ನಂತರ ಬಂದ ವರದಿಯಲ್ಲಿ ಕಾರ್ಟಿಸೋಲ್ ಡೆಸಿಲೀಟರಿಗೆ 2.8 ಮೈಕ್ರೋಗ್ರಾಂ ಇತ್ತು. ರಕ್ತದೊತ್ತಡ ಅಷ್ಟು ಕುಸಿದ ಹೊತ್ತಿನಲ್ಲಿ ಅದು ಏನೇನೂ ಸಾಲದು. ಎ.ಸಿ.ಟಿ.ಎಚ್. ಕೂಡ ತೀರ ಕಡಿಮೆಯಿತ್ತು. ಚರ್ಮದ ಬಣ್ಣ ಕಪ್ಪಾಗಿರಲಿಲ್ಲ, ಪೊಟ್ಯಾಸಿಯಂ ಏರಿರಲಿಲ್ಲ. ಅಡ್ರಿನಲ್ ಗ್ರಂಥಿಯೇ ಹಾಳಾಗುವ ಅಡಿಸನ್ ಕಾಯಿಲೆ ಇದಲ್ಲ, ಸ್ಟೀರಾಯ್ಡ್ ಹಠಾತ್ತನೆ ನಿಂತದ್ದರಿಂದ ಆದ ಕೊರತೆ ಎಂಬುದು ಇವೆಲ್ಲದರಿಂದ ಸ್ಪಷ್ಟವಾಯಿತು.

ಆದ್ದರಿಂದ ರಕ್ತದೊತ್ತಡ ಕುಸಿಯಲು ಟಾಕ್ಸಿನ್ ಎಷ್ಟು ಕಾರಣ, ಕಾರ್ಟಿಸೋಲ್ ಕೊರತೆ ಎಷ್ಟು ಕಾರಣ, ಭೇದಿಯಲ್ಲಿ ಹೋದ ನೀರು ಎಷ್ಟು ಕಾರಣ ಎಂದು ಬೇರ್ಪಡಿಸಿ ಹೇಳುವಂತಿರಲಿಲ್ಲ. ಮೂರಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡಬೇಕಾಗಿತ್ತು, ಮಾಡಲಾಯಿತು.

ಮೂರನೆಯ ದಿನ, ಸ್ಥಿತಿ ಸುಧಾರಿಸಿದ ಮೇಲೆ, ಕರುಳಿನ ಕೊನೆಯ ಭಾಗವನ್ನು ಮಾತ್ರ ಕೊಳವೆಯ ಮೂಲಕ ನೋಡಲಾಯಿತು. ಒಳಪದರದ ಮೇಲೆ ಹಳದಿ ಮಿಶ್ರಿತ ಬಿಳಿಯ ಪಟ್ಟಿಗಳು ಅಂಟಿಕೊಂಡಿದ್ದವು. ಇವನ್ನೇ ಹುಸಿಪೊರೆ ಎನ್ನುತ್ತಾರೆ. ಬಯಾಪ್ಸಿಯಲ್ಲಿ ಕಂಡದ್ದು ಈ ಬರಹದ ತಿರುಳು: ಆ ಪೊರೆ ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ಫೈಬ್ರಿನ್ ಎಳೆಗಳು, ಲೋಳೆ, ಸತ್ತ ಕೋಶಗಳು ಮತ್ತು ಬಿಳಿ ರಕ್ತಕಣಗಳ ಒಂದು ಬಗೆಯಾದ ರಾಶಿರಾಶಿ ನ್ಯೂಟ್ರೋಫಿಲ್‌ಗಳಿಂದ ಆದದ್ದು. ಬ್ಯಾಕ್ಟೀರಿಯಾ ಗೋಡೆಯೊಳಗೆ ನುಗ್ಗಿರಲಿಲ್ಲ. ಸಿ. ಡಿಫಿಸಿಲ್ ಸಾಮಾನ್ಯವಾಗಿ ನುಗ್ಗುವುದೂ ಇಲ್ಲ. ಅದು ಕರುಳಿನ ಟೊಳ್ಳಿನಲ್ಲೇ ಉಳಿದು ಟಾಕ್ಸಿನ್ ಎ ಮತ್ತು ಟಾಕ್ಸಿನ್ ಬಿ ಎಂಬ ಎರಡು ದೊಡ್ಡ ಪ್ರೋಟೀನುಗಳನ್ನು ಬಿಡುತ್ತದೆ. ಹಾಗಿದ್ದರೆ ಗೋಡೆಯೊಳಗೆ ಇಷ್ಟೊಂದು ನಾಶ ಮಾಡಿದವರು ಯಾರು?

ಮೊದಲ ಪೆಟ್ಟು ಟಾಕ್ಸಿನ್ನಿನದೇ, ಅದರಲ್ಲಿ ಸಂಶಯವಿಲ್ಲ. ಅದು ಕರುಳಿನ ಒಳಪದರದ ಕೋಶದ ಮೇಲೆ ಅಂಟಿ, ಒಳಗೆ ಸೆಳೆಯಲ್ಪಟ್ಟು, ಅಲ್ಲಿನ ಆಮ್ಲೀಯ ಚೀಲದಿಂದ ಕೋಶದ್ರವಕ್ಕೆ ದಾಟಿ, ರೋ ಎಂಬ ಪ್ರೋಟೀನಿನ ಮೇಲೆ ಗ್ಲೂಕೋಸಿನ ಅಣುವೊಂದನ್ನು ಕೂರಿಸುತ್ತದೆ. ಈ ಕ್ರಿಯೆ 1995ರಲ್ಲಿ ಬೆಳಕಿಗೆ ಬಂತು. ರೋ ಕೆಲಸ ನಿಲ್ಲಿಸಿದರೆ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಕುಸಿಯುತ್ತವೆ, ಕೋಶ ಕೋಶಗಳ ನಡುವಿನ ಬಿಗಿಯಾದ ಸಂಧಿಗಳು ಸಡಿಲವಾಗುತ್ತವೆ, ನೀರು ಸೋರುತ್ತದೆ. ಇಷ್ಟನ್ನೇ ಹೇಳಿ ಮುಗಿಸುವ ಪಾಠಗಳು ಬಹಳ. ಆದರೆ ಇಷ್ಟರಿಂದ ಬಯಾಪ್ಸಿಯ ಆ ನ್ಯೂಟ್ರೋಫಿಲ್ ರಾಶಿ ವಿವರಣೆಗೆ ಸಿಗುವುದಿಲ್ಲ.

ಮುಂದಿನ ಭಾಗವನ್ನು ಬಿಡಿಸಿದವರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕರಲಂಬೋಸ್ ಪೊಥುಲಾಕಿಸ್ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. ಅವರು ಇಲಿಗಳ ಸಣ್ಣ ಕರುಳಿನ ತುಂಡೊಂದನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಶುದ್ಧೀಕರಿಸಿದ ಟಾಕ್ಸಿನ್ ಎ ಸೇರಿಸಿ, ಸೋರಿದ ದ್ರವವನ್ನೂ ಅಂಗಾಂಶಕ್ಕಾದ ಹಾನಿಯನ್ನೂ ಅಳೆದರು. ಸಬ್‌ಸ್ಟೆನ್ಸ್ ಪಿ ಎಂಬ ನರಸಂದೇಶವಾಹಕವನ್ನು ತಡೆಯುವ ಔಷಧ ಮೊದಲೇ ಕೊಟ್ಟಿದ್ದರೆ ಟಾಕ್ಸಿನ್ ಅಷ್ಟೇ ಇದ್ದರೂ ಹಾನಿ ಕಡಿಮೆಯಾಯಿತು. ಮೆಣಸಿನ ಖಾರದ ಸತ್ವವಾದ ಕ್ಯಾಪ್ಸೈಸಿನ್ ಬಳಸಿ ಸಂವೇದನಾ ನರಗಳನ್ನು ಮುಂಚೆಯೇ ನಿಷ್ಕ್ರಿಯಗೊಳಿಸಿದ್ದರೂ ಹಾಗೆಯೇ ಆಯಿತು. (ಅದು ಪ್ರಯೋಗಾಲಯದಲ್ಲಿ ಚುಚ್ಚಿದ ಭಾರೀ ಪ್ರಮಾಣ. ಊಟದಲ್ಲಿ ಖಾರ ಹೆಚ್ಚಿಸಿದರೆ ಕರುಳಿಗೆ ರಕ್ಷಣೆ ಸಿಗುತ್ತದೆಂದು ಯಾರೂ ಭಾವಿಸಬಾರದು.) ಅಂದರೆ ಟಾಕ್ಸಿನ್ ತಗುಲಿದ ಒಳಪದರ ಕರುಳಿನ ನರಗಳನ್ನು ಎಚ್ಚರಿಸುತ್ತದೆ, ನರಗಳು ಸಬ್‌ಸ್ಟೆನ್ಸ್ ಪಿ ಸುರಿಸುತ್ತವೆ, ಅದು ಅಂಗಾಂಶದಲ್ಲಿರುವ ರೋಗನಿರೋಧಕ ಕೋಶಗಳಾದ ಮಾಸ್ಟ್ ಕೋಶಗಳನ್ನೂ ಮ್ಯಾಕ್ರೋಫೇಜುಗಳನ್ನೂ ಕೆರಳಿಸುತ್ತದೆ, ಅವು ನ್ಯೂಟ್ರೋಫಿಲ್‌ಗಳನ್ನು ರಕ್ತದಿಂದ ಹೊರಗೆ ಕರೆಸುತ್ತವೆ. ಬಂದ ನ್ಯೂಟ್ರೋಫಿಲ್‌ಗಳು ಬಿಡುವ ಕಿಣ್ವಗಳು ಮತ್ತು ಆಮ್ಲಜನಕದ ಉಗ್ರ ಅಣುಗಳು ಬ್ಯಾಕ್ಟೀರಿಯಾಕ್ಕಿಂತ ಮೊದಲು ನಮ್ಮದೇ ಲೋಳೆಪದರವನ್ನು ಸುಡುತ್ತವೆ.

ಒತ್ತಡದ ಹಾರ್ಮೋನು ಬರುವುದು ಈ ಸರಣಿಯ ನಡುವೆ. ಮೇಲೆ ಹೇಳಿದ ಸಿ.ಆರ್.ಎಚ್. ಅನ್ನು ವೈಲಿ ವೇಲ್ ಮತ್ತು ಸಂಗಡಿಗರು 1981ರಲ್ಲಿ ಕುರಿಗಳ ಹೈಪೋಥಲಾಮಸ್‌ನಿಂದ ಬೇರ್ಪಡಿಸಿ, 41 ಅಮೈನೋ ಆಮ್ಲಗಳ ಅದರ ರಚನೆಯನ್ನು ತಿಳಿಸಿದರು. ಒತ್ತಡಕ್ಕೆ ದೇಹ ಕೊಡುವ ಇಡೀ ಉತ್ತರದ ಮೊದಲ ಆಜ್ಞೆ ಅದು, ಅದರ ಕೊನೆಯ ಫಲ ಕಾರ್ಟಿಸೋಲ್, ಕಾರ್ಟಿಸೋಲ್ ಉರಿಯೂತವನ್ನು ತಣಿಸುತ್ತದೆ ಎಂಬುದು ಆಗಿನ ತಿಳಿವಳಿಕೆ, ಅದು ಇಂದಿಗೂ ಸರಿಯೇ. ಆದರೆ 1991ರಲ್ಲಿ ಕರಾಲಿಸ್, ಕ್ರೂಸೋಸ್ ಮತ್ತಿತರರು ತೋರಿಸಿದ್ದು ಬೇರೆಯದೇ ಮುಖ: ಉರಿಯೂತವಾದ ಜಾಗದಲ್ಲೇ ಸಿ.ಆರ್.ಎಚ್. ತಯಾರಾಗುತ್ತದೆ, ಅಲ್ಲಿ ಅದು ಉರಿಯನ್ನು ಹೆಚ್ಚಿಸುತ್ತದೆ. ಅದನ್ನು ಪ್ರತಿಕಾಯದಿಂದ ತಡೆದರೆ ಇಲಿಗಳ ಉರಿಯೂತ ತಗ್ಗುತ್ತದೆ. ಮಿದುಳಿನಲ್ಲಿ ಕುಳಿತು ಕೊನೆಗೆ ಉರಿ ಆರಿಸುವ ಅಣು, ಅಂಗಾಂಶದಲ್ಲಿ ಕುಳಿತಾಗ ಉರಿ ಹಚ್ಚುತ್ತದೆ.

ಬಾಸ್ಟನ್ನಿನ ಗುಂಪು ಇದನ್ನೇ ಟಾಕ್ಸಿನ್ ಎ ಮಾದರಿಗೆ ಹಚ್ಚಿ ನೋಡಿತು. ಟಾಕ್ಸಿನ್ ತಗುಲಿದ ಇಲಿಯ ಕರುಳಿನಲ್ಲಿ ಸಿ.ಆರ್.ಎಚ್. ಏರಿತು. 2002ರ ವರದಿಯಲ್ಲಿ, ಸಿ.ಆರ್.ಎಚ್. ಗ್ರಾಹಿಗಳನ್ನು ತಡೆಯುವ ಔಷಧ ಮೊದಲೇ ಪಡೆದ ಇಲಿಗಳಲ್ಲಿ ದ್ರವ ಸೋರುವುದು, ಒಳಪದರದ ನಾಶ, ನ್ಯೂಟ್ರೋಫಿಲ್‌ಗಳ ನುಗ್ಗುವಿಕೆ ಎಲ್ಲವೂ ತಗ್ಗಿದವು. 2004ರಲ್ಲಿ ಇನ್ನೂ ಬಲವಾದ ಸಾಕ್ಷ್ಯ ಬಂತು: ಸಿ.ಆರ್.ಎಚ್. ಜೀನ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಟಾಕ್ಸಿನ್ ಎ ಕೊಟ್ಟಾಗ, ಸಾಮಾನ್ಯ ಇಲಿಗಳಿಗೆ ಆದುದಕ್ಕಿಂತ ಬಹಳ ಕಡಿಮೆ ಹಾನಿಯಾಯಿತು, ಕರುಳಿನಲ್ಲಿ ಸಬ್‌ಸ್ಟೆನ್ಸ್ ಪಿ ಕೂಡ ಕಡಿಮೆಯಿತ್ತು. ಈ ಇಲಿಗಳಲ್ಲಿ ಕಾರ್ಟಿಸೋಲಿನ ಸ್ಥಾನದಲ್ಲಿರುವ ಕಾರ್ಟಿಕೋಸ್ಟೆರೋನ್ ಹುಟ್ಟಿನಿಂದಲೇ ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡು ಈ ಫಲಿತಾಂಶವನ್ನು ಓದಬೇಕು. ಉರಿ ತಣಿಸುವ ಹಾರ್ಮೋನು ಕಡಿಮೆಯಿರುವ ಪ್ರಾಣಿಗೆ ಹೆಚ್ಚು ಹಾನಿಯಾಗಬೇಕಿತ್ತು. ಹಾಗಾಗದೆ ಕಡಿಮೆಯಾಯಿತೆಂದರೆ, ಕರುಳಿನೊಳಗಿನ ಸಿ.ಆರ್.ಎಚ್. ಎಷ್ಟು ದೊಡ್ಡ ಪಾಲು ವಹಿಸುತ್ತದೆಂದು ಊಹಿಸಬಹುದು. ಈ ಒಂದು ವಾದವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಒಪ್ಪಿಸಿದೆ.

ಇದನ್ನು ನಮ್ಮ ರೋಗಿಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. ಪ್ರಯೋಗ ನಡೆದದ್ದು ಇಲಿಯ ಸಣ್ಣ ಕರುಳಿನಲ್ಲಿ, ಟಾಕ್ಸಿನ್ ಎ ಒಂದರಿಂದ. ಮನುಷ್ಯರಿಗೆ ಕಾಯಿಲೆ ಬರುವುದು ದೊಡ್ಡ ಕರುಳಿನಲ್ಲಿ, ಟಾಕ್ಸಿನ್ ಬಿ ಪಾತ್ರ ಅಲ್ಲಿ ಬಹಳ ದೊಡ್ಡದು. ಟಾಕ್ಸಿನ್ ಬಿ ಮಾತ್ರ ಬಿಡುವ ತಳಿಗಳೂ ತೀವ್ರ ಕಾಯಿಲೆ ತರುತ್ತವೆ. ಕಾಯಿಲೆ ಮರುಕಳಿಸದಂತೆ ತಡೆಯಲು 2016ರಲ್ಲಿ ಅಮೆರಿಕದಲ್ಲಿ ಮಂಜೂರಾದ ಬೆಜ್ಲೊಟೊಕ್ಸುಮಾಬ್ ಎಂಬ ಪ್ರತಿಕಾಯ ಗುರಿಯಿಟ್ಟದ್ದೂ ಟಾಕ್ಸಿನ್ ಬಿ ಮೇಲೆಯೇ. ಸಿ.ಆರ್.ಎಚ್. ತಡೆಯುವ ಔಷಧವನ್ನು ಈ ಭೇದಿಗೆ ಯಾರೂ ಬಳಸುತ್ತಿಲ್ಲ. ಬಳಸುವುದಾದರೂ ನಮ್ಮ ರೋಗಿಯಂಥವರಲ್ಲಿ ಅದು ಅಪಾಯವೇ ಸರಿ: ಅಂಥ ಔಷಧ ಪಿಟ್ಯುಟರಿಯನ್ನೂ ತಲುಪಿದರೆ, ಅಳಿದುಳಿದ ಎ.ಸಿ.ಟಿ.ಎಚ್. ಕೂಡ ಕೈಬಿಟ್ಟುಹೋಗುತ್ತದೆ. ಕರುಳಿನಲ್ಲಿ ಮಾತ್ರ ಉಳಿದು ಕೆಲಸ ಮಾಡುವಂಥದ್ದು ಬೇಕಾಗುತ್ತದೆ.

ನಮ್ಮ ರೋಗಿಯಲ್ಲಿ ಒತ್ತಡದ ವ್ಯವಸ್ಥೆಯ ಎರಡೂ ತುದಿಗಳು ಒಂದೇ ವೇಳೆಗೆ ಕಾಣಿಸಿಕೊಂಡದ್ದರಿಂದಲೇ ಈ ಪ್ರಕರಣವನ್ನು ಬರೆಯಬೇಕೆನಿಸಿತು. ರಕ್ತದಲ್ಲಿ ಕಾರ್ಟಿಸೋಲ್ ಇಲ್ಲದೆ ಅವರು ಕುಸಿದಿದ್ದರು. ಬಯಾಪ್ಸಿಯಲ್ಲಿ ಕಂಡ ನ್ಯೂಟ್ರೋಫಿಲ್ ರಾಶಿಯಾದರೋ ಮೇಲಿನ ಪ್ರಯೋಗಗಳು ವಿವರಿಸುವಂಥದ್ದೇ. ಒತ್ತಡದ ಹಾರ್ಮೋನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗದು. ಯಾವ ಹಾರ್ಮೋನು, ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ಬ್ಯಾಕ್ಟೀರಿಯಾಗಳಿಗೂ ಇದರ ಮಹತ್ವ ಗೊತ್ತಿರುವಂತಿದೆ. ಆಂಥ್ರಾಕ್ಸ್‌ನ ಮಾರಕ ಟಾಕ್ಸಿನ್ ಕಾರ್ಟಿಸೋಲಿನ ಗ್ರಾಹಿ ಕೆಲಸ ಮಾಡದಂತೆ ಹತ್ತಿಕ್ಕುತ್ತದೆಂದು 2003ರಲ್ಲಿ ತೋರಿಸಲಾಯಿತು, ಅಂದರೆ ನಮ್ಮ ತಣಿಸುವ ಕೈಯನ್ನೇ ಅದು ಕಟ್ಟಿಹಾಕುತ್ತದೆ. ನಾರ್‌ಅಡ್ರಿನಲಿನ್ ರಕ್ತದ ಟ್ರಾನ್ಸ್‌ಫೆರಿನ್ ಪ್ರೋಟೀನಿನಿಂದ ಕಬ್ಬಿಣವನ್ನು ಸಡಿಲಿಸಿ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಬೆಳೆಯಲು ನೆರವಾಗುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ಮಾರ್ಕ್ ಲೈಟ್ 1990ರ ದಶಕದಲ್ಲಿ ಈ ಅಧ್ಯಯನದ ದಾರಿ ತೆರೆದರು. ಹಾಗೆಂದು ರಕ್ತದೊತ್ತಡ ಬಿದ್ದವರಿಗೆ ನಾರ್‌ಅಡ್ರಿನಲಿನ್ ನಿರಾಕರಿಸುವಂತಿಲ್ಲ. ಅಗತ್ಯ ತೀರಿದ ಕೂಡಲೇ ಇಳಿಸಬೇಕು, ಅಷ್ಟೆ.

ಹೈಡ್ರೋಕಾರ್ಟಿಸೋನ್ ಕೊಟ್ಟದ್ದು ಕರುಳಿನ ಉರಿಯೂತಕ್ಕೆ ಚಿಕಿತ್ಸೆಯಾಗಿ ಅಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕು. ಉರಿಯೂತದಿಂದ ಹಾನಿಯಾಗುತ್ತದೆ, ಸ್ಟೀರಾಯ್ಡ್ ಉರಿಯೂತ ತಗ್ಗಿಸುತ್ತದೆ, ಹಾಗಾಗಿ ಈ ಭೇದಿಯವರಿಗೆಲ್ಲ ಸ್ಟೀರಾಯ್ಡ್ ಕೊಡೋಣ ಎಂಬ ತರ್ಕ ಕೇಳಲು ಸರಳ, ಆದರೆ ಮಾಡಲು ಅಪಾಯಕಾರಿ. ಇವರ ದೇಹ ಸಹಜವಾಗಿ ತಯಾರಿಸಬೇಕಿದ್ದುದನ್ನು ನಾವು ತುಂಬಿಕೊಟ್ಟೆವು, ಅದಕ್ಕಿಂತ ಹೆಚ್ಚೇನೂ ಇಲ್ಲ. ರಕ್ತದೊತ್ತಡ ನಿಂತ ಮೇಲೆ ಮೆಟ್ರೊನಿಡಜೋಲ್ ನಿಲ್ಲಿಸಿ, ವ್ಯಾಂಕೋಮೈಸಿನ್ ಅನ್ನು 125 ಮಿಲಿಗ್ರಾಂಗೆ ಇಳಿಸಿ, ಒಟ್ಟು ಹತ್ತು ದಿನ ಪೂರೈಸಲಾಯಿತು. ಲೋಪೆರಮೈಡ್ ಮೊದಲ ದಿನವೇ ನಿಂತಿತ್ತು. ಟಾಕ್ಸಿನ್ ಕರುಳಿನಲ್ಲೇ ನಿಲ್ಲುವಂತೆ ಮಾಡುವ ಯಾವುದೂ ಇಂಥ ಭೇದಿಯಲ್ಲಿ ಹಿತವಲ್ಲ. ಮೆಥೊಟ್ರೆಕ್ಸೇಟ್ ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. ನಾಲ್ಕನೆಯ ದಿನ ಕುಚ್ಚಲಕ್ಕಿ ಗಂಜಿಯ ತಿಳಿ, ಆರನೆಯ ದಿನ ಗಂಜಿಯೇ ಹೊಟ್ಟೆಯಲ್ಲಿ ನಿಂತಿತು. ಆರೈಕೆಗೆ ನಿಂತವರೆಲ್ಲರಿಗೂ ಸೋಪು ನೀರಿನಲ್ಲೇ ಕೈ ತೊಳೆಯಲು ಹೇಳಲಾಗಿತ್ತು, ಏಕೆಂದರೆ ಈ ಬ್ಯಾಕ್ಟೀರಿಯಾದ ಬೀಜಕಗಳು ಆಲ್ಕೋಹಾಲ್ ಸ್ಯಾನಿಟೈಸರಿಗೆ ಸಾಯುವುದಿಲ್ಲ.

ಮನೆಯವರ ಒಂದು ಮಾತನ್ನು ದಾಖಲಿಸದೆ ಈ ಪ್ರಕರಣ ಪೂರ್ಣವಾಗದು. ಗಲ್ಫಿನಲ್ಲಿದ್ದ ಮಗನ ಕೆಲಸ ಹೋಗಿ ಮನೆಯಲ್ಲಿ ಚಿಂತೆ ತುಂಬಿತ್ತು. “ಅಮ್ಮ ಟೆನ್ಶನ್ ಮಾಡಿಕೊಂಡೇ ಹೊಟ್ಟೆ ಕೆಡಿಸಿಕೊಂಡದ್ದು” ಎಂದು ಮಗಳು ಪದೇಪದೇ ಹೇಳುತ್ತಿದ್ದಳು. ಒತ್ತಡದ ಹಾರ್ಮೋನಿನ ಮಾತು ನಮ್ಮ ಬಾಯಿಂದ ಕೇಳಿದಾಗ ತನ್ನ ಮಾತೇ ನಿಜವಾಯಿತೆಂದುಕೊಂಡಳು. ತಾಯಿ ಹಾಸಿಗೆಯಲ್ಲಿ ಮುಖ ತಿರುಗಿಸಿಕೊಂಡರು. ಇದನ್ನು ಸರಿಪಡಿಸುವುದು ವೈದ್ಯರ ಕರ್ತವ್ಯವೆಂದು ನಾನು ನಂಬಿದ್ದೇನೆ. ಈ ಕಾಯಿಲೆ ತಂದದ್ದು ಆಂಟಿಬಯೋಟಿಕ್ಕಿನಿಂದ ಕರುಳಿನ ಸಹಜ ಬ್ಯಾಕ್ಟೀರಿಯಾಗಳು ಅಳಿದು ಖಾಲಿಯಾದ ಜಾಗ, ಅಲ್ಲಿ ಮೊಳೆತ ಬೀಜಕ, ಅದು ಬಿಟ್ಟ ವಿಷ. ಕರುಳಿನ ಗೋಡೆಯಲ್ಲಿ ಏರುವ ಸಿ.ಆರ್.ಎಚ್. ಅನ್ನು ಎಬ್ಬಿಸುವುದು ಟಾಕ್ಸಿನ್ನೇ ಹೊರತು ಮಗನ ಮೇಲಿನ ಕಾಳಜಿಯಲ್ಲ. ಯಾವ ಚಿಂತೆಯೂ ಇಲ್ಲದ ಪ್ರಯೋಗಾಲಯದ ಇಲಿಯ ಕಟ್ಟಿದ ಕರುಳಿನಲ್ಲೂ ಅದು ಏರುತ್ತದೆ. ಚಿಂತೆಯಿಂದ ಹೊಟ್ಟೆಯ ಚಲನೆ ವ್ಯತ್ಯಾಸವಾಗುವುದು ನಿಜ, ಆದರೆ ಹುಸಿಪೊರೆ ಬರುವುದಿಲ್ಲ. ಇದನ್ನು ಮಗಳಿಗೂ ತಾಯಿಗೂ ಜೊತೆಯಲ್ಲಿ ಕೂರಿಸಿ, ತುಳುವಿನಲ್ಲೂ ಕನ್ನಡದಲ್ಲೂ ಹೇಳಲಾಯಿತು. ಆ ಸಂಜೆಯ ನಂತರ ತಾಯಿ ಔಷಧದ ಬಗ್ಗೆ ತಾವಾಗಿಯೇ ಪ್ರಶ್ನೆ ಕೇಳತೊಡಗಿದರು.

ಬಿಡುಗಡೆಯಾಗುವಾಗ ಬರೆದುಕೊಟ್ಟ ಸೂಚನೆಗಳಲ್ಲಿ ಎರಡು ಮುಖ್ಯ. ಪ್ರೆಡ್ನಿಸೋಲೋನನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಬೇಕು, ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಬಂದು ಇಂಜೆಕ್ಷನ್ ಪಡೆಯಬೇಕು. ಮುಂದೆ ಯಾವ ವೈದ್ಯರು ಆಂಟಿಬಯೋಟಿಕ್ ಬರೆದರೂ ಈ ಕಾಯಿಲೆ ಬಂದಿತ್ತೆಂದು ಮೊದಲೇ ಹೇಳಬೇಕು, ಏಕೆಂದರೆ ಸುಮಾರು ಐವರಲ್ಲಿ ಒಬ್ಬರಿಗೆ ಇದು ಮರಳಿ ಬರುತ್ತದೆ, ಹೆಚ್ಚಾಗಿ ಎಂಟು ವಾರಗಳೊಳಗೆ. ಗುಣವಾಯಿತೇ ಎಂದು ನೋಡಲು ಮಲವನ್ನು ಮತ್ತೆ ಪರೀಕ್ಷಿಸಲಿಲ್ಲ. ಭೇದಿ ನಿಂತ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದಾದ ಆ ಪರೀಕ್ಷೆಯಿಂದ ಗೊಂದಲವಲ್ಲದೆ ಬೇರೇನೂ ಸಿಗುವುದಿಲ್ಲ. ಎಂಟು ವಾರ ಕಳೆದರೂ ಭೇದಿ ಮರಳಲಿಲ್ಲ. ಸಂಧಿವಾತದ ತಜ್ಞರು ಪ್ರೆಡ್ನಿಸೋಲೋನನ್ನು ನಿಧಾನವಾಗಿ 5 ಮಿಲಿಗ್ರಾಂಗೆ ಇಳಿಸಿದರು. ಮೂರನೆಯ ತಿಂಗಳಲ್ಲಿ, ಹಿಂದಿನ ಮಾತ್ರೆ ತೆಗೆದುಕೊಂಡು 24 ಗಂಟೆ ಕಳೆದ ಮೇಲೆ, ಬೆಳಗ್ಗೆ 8ಕ್ಕೆ ನೋಡಿದ ಕಾರ್ಟಿಸೋಲ್ 6.4 ಇತ್ತು. ಅದು 10 ದಾಟಿದ್ದರೆ ಅಡ್ರಿನಲ್ ಚೇತರಿಸಿಕೊಂಡಿದೆ ಎನ್ನಬಹುದಿತ್ತು. 5 ಮತ್ತು 10ರ ನಡುವೆ ಇದ್ದುದರಿಂದ ಅದೇ ಪ್ರಮಾಣವನ್ನು ಮುಂದುವರಿಸಿ, ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸುವುದೆಂದು ತೀರ್ಮಾನವಾಯಿತು.